ಎಲ್ಲೆದಿಬ್ಬದ ಮೇಲೆ ತಿಂದ ಏಟು

ಹಾರ್ಷಶ್,
೧೨ ಸೆಪ್ಟೆಂಬರ್ ೧೯೨೨, ಮಂಗಳವಾರ

ಪ್ರೀತಿಯ ಗೆರ್ಗೆಯ್ ಅಣ್ಣಾ,

ನಿನ್ನ ಮೊಣಕಾಲು ಹೇಗಿದೆ? ದೆಬ್ರೆತ್ಸೆನ್ನಿನ ಬಯಲಲ್ಲಿ ಹತ್ತುವುದಕ್ಕೆ ಗುಡ್ಡವೇ ಇಲ್ಲ, ಅದೊಂದು ಪುಣ್ಯ. ಹೆಬ್ಬಾತಿನ ಕೊಬ್ಬು ಹಚ್ಚಿ ಬೆಚ್ಚಗೆ ಕಟ್ಟಿಕೋ. ಅತ್ತಿಗೆಯ ಮಾತಂತೂ ಕೇಳುವವನಲ್ಲ, ನನ್ನದಾದರೂ ಕೇಳು. ನಾನು ಗಟ್ಟಿಯಾಗಿದ್ದೇನೆ. ಪ್ಲಮ್ ಹಣ್ಣು ಕುದಿಸುವ ಕೆಲಸ ನಡೆದಿದೆ. ಕಾಗದದ ಮೇಲಿನ ಕಲೆಗೆ ಬಯ್ಯಬೇಡ.

ಗಡಿ ಗುರುತಿಸುವ ಮಂಡಳಿ ಕೊನೆಗೂ ನಮ್ಮೂರಿಗೆ ಬಂತು. ಹಾರ್ಷಶ್ ಮತ್ತು ಅಲ್ಮಾದ್ ಊರುಗಳ ಹಳೆಯ ಎಲ್ಲೆಯೇ ಇನ್ನು ನಮ್ಮ ಹಂಗೇರಿ ರಾಜ್ಯಕ್ಕೂ ಚೆಕ್ಕರ ಹೊಸ ದೇಶಕ್ಕೂ ಗಡಿಯಂತೆ. ದನ ದಾಟಿದರೆ ಎರಡು ಬೈಗುಳಕ್ಕೆ ಮುಗಿದುಹೋಗುತ್ತಿದ್ದ ಗೆರೆ ಅದು! ಗುಡ್ಡದ ಕೆಳಗೆ ನಾವು, ಮೇಲೆ ಅಲ್ಮಾದಿನವರು. ಆದರೆ ಆ ಗೆರೆ ಗುಡ್ಡದ ನೀರಿನ ಚಿಲುಮೆಯ ಮೇಲುಗಡೆಯೋ ಕೆಳಗಡೆಯೋ ಎಂದು ಒಂದು ನಕ್ಷೆ ಹೇಳಿದಂತೆ ಇನ್ನೊಂದು ಹೇಳುವುದಿಲ್ಲ. ಚಿಲುಮೆ ನಮ್ಮದು ಎಂದು ನಮ್ಮ ಊರ ಮುಖಂಡ ಬಾಲಿಂತ್, ತಮ್ಮದು ಎಂದು ಅಲ್ಮಾದಿನವರು. ಮಂಡಳಿಯಲ್ಲಿ ಜಪಾನಿನ ಅಧಿಕಾರಿಯೊಬ್ಬನಿದ್ದಾನೆ, ನೋಡಬೇಕು ನೀನು, ಅಷ್ಟು ದೂರದಿಂದ ನಮ್ಮ ಚಿಲುಮೆಗಾಗಿ ಬಂದಿದ್ದಾನೆ! ಅವನೇ ದುಭಾಷಿಯ ಮೂಲಕ ಕೇಳಿದ, "ಎಲ್ಲೆಯಲ್ಲಿ ಏಟು ತಿಂದವರು ಯಾರಾದರೂ ಬದುಕಿದ್ದಾರಾ?" ಎಂದು.

ಬದುಕಿರುವವನು ನೀನೊಬ್ಬನೇ. ಊರವರೆಲ್ಲ ಎಲ್ಲೆ ಸುತ್ತಿದ ದಿನ ಒಂಬತ್ತು ವರ್ಷದ ನಿನ್ನನ್ನು ಮಣ್ಣಿನ ದಿಬ್ಬದ ಮೇಲೆ ಬೋರಲು ಮಲಗಿಸಿ, ಸಾಯುವತನಕ ಆ ಜಾಗ ನೆನಪಿರಲಿ ಎಂದು ಬೆತ್ತದಿಂದ ಬಾರಿಸಿದ್ದರಲ್ಲ. ಆಮೇಲೆ ಸಮಾಧಾನಕ್ಕೆ ಕೊಟ್ಟ ಆಕ್ರೋಟಿನ ರೊಟ್ಟಿಯಲ್ಲಿ ಅರ್ಧ ನನಗೆ ಮುರಿದುಕೊಟ್ಟಿದ್ದೆ. ಅಷ್ಟು ಜನರ ನಡುವೆ ನನ್ನ ಬಾಯಿ ಸುಮ್ಮನಿರಲಿಲ್ಲ. "ಅಣ್ಣ ದೂರದಲ್ಲಿದ್ದಾನೆ. ಆದರೆ ಅವತ್ತು ನಾನೂ ಅವನ ಹಿಂದೆಯೇ ಹೋಗಿ ಪೊದೆಯಲ್ಲಿ ಅಡಗಿ ನೋಡಿದ್ದೆ" ಎಂದುಬಿಟ್ಟೆ.

ಬಾಲಿಂತ್ ಹೊಟ್ಟೆ ಹಿಡಿದು ನಕ್ಕ. "ಏಳು ವರ್ಷದ ಹುಡುಗಿ ಪೊದೆ ಸಂದಿಯಿಂದ ಕಂಡದ್ದನ್ನು ನಂಬಿ ರಾಜ್ಯ ಕತ್ತರಿಸ್ತೀರಾ ಸ್ವಾಮಿ? ಅಜ್ಜಿಗೆ ನಿನ್ನೆ ಒಲೆ ಮೇಲೆ ಇಟ್ಟದ್ದೇ ನೆನಪಿರಲ್ಲ!" ಜಪಾನಿನವನು ನಗಲಿಲ್ಲ. "ಪೊದೆ ಎಲ್ಲಿತ್ತು? ತೋರಿಸಲಿ" ಎಂದ. ನಾನು ನಡೆದೆ. ಪೊದೆ ಈಗಿಲ್ಲ, ದಿಬ್ಬವೂ ಸವೆದು ನೆಲಕ್ಕೆ ಸೇರಿದೆ. ಆದರೂ ಕಾಲು ತಾನಾಗಿ ಚಿಲುಮೆಯ ಕೆಳಗೆ, ಕಾಡು ಪಿಯರ್ ಮರದ ಹತ್ತಿರ ಹೋಗಿ ನಿಂತಿತು. ಅಗೆದರು. ಮೊದಲು ಬಾಲಿಂತ್ ತೋರಿಸಿದಲ್ಲಿ, ಚಿಲುಮೆಯ ಮೇಲಿನ ಬಂಡೆಯ ಪಕ್ಕ: ಬರೀ ಕಲ್ಲು. ನಾನು ತೋರಿಸಿದಲ್ಲಿ ಮೊಳದಾಳದಲ್ಲಿ ಇದ್ದಿಲು ಸಿಕ್ಕಿತು. ಕೊಳೆಯುವುದಿಲ್ಲವೆಂದು ಹಿರಿಯರು ಎಲ್ಲೆದಿಬ್ಬದಡಿ ಹೂಳುತ್ತಿದ್ದದ್ದು ಅದನ್ನೇ.

ಹೀಗೆ ಚಿಲುಮೆ ಅಲ್ಮಾದಿಗೆ ಹೋಯಿತು. ನೀರಿಗೆ ಹೋಗಬೇಕಾದರೆ ನಮ್ಮೂರ ಹೆಂಗಸರು ಇನ್ನು ರಹದಾರಿ ಚೀಟಿ ತೋರಿಸಬೇಕು. ಭಾನುವಾರ ಚರ್ಚಿನಲ್ಲಿ ನನ್ನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಪಕ್ಕದ ಮನೆಯ ತೆಕ್ಲಾ, "ಪಿರೋಷ್ಕಾ, ನಿನ್ನ ನಾಲಿಗೆಯಿಂದ ನಾವು ಬಾಯಾರಬೇಕಾ?" ಎಂದು ಮುಖ ತಿರುಗಿಸಿದಳು. ಅದು ನೋಯಿಸಿತು. ಅದಕ್ಕಿಂತ ಹೆಚ್ಚು ಕೊರೆಯುತ್ತಿರುವುದು ಇನ್ನೊಂದು. ಇದ್ದಿಲು ಯಾರೋ ಕುರುಬರ ಬೆಂಕಿಯದೂ ಆಗಿರಬಹುದಲ್ಲವೇ? ನನಗೆ ನೆನಪಿರುವುದು ನಾನು ಕಂಡದ್ದೋ, ಅಥವಾ ಇಷ್ಟು ವರ್ಷ ನಿನ್ನ ಬಾಯಿಂದ ಕೇಳಿ ಕೇಳಿ ಕಂಡಂತಾದದ್ದೋ? ಯೋಚಿಸಿದಷ್ಟೂ ತಿಳಿಯುತ್ತಿಲ್ಲ.

ಅತ್ತಿಗೆಗೆ ನನ್ನ ನೆನಪು ಹೇಳು. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಪಿರೋಷ್ಕಾ

ಮತ್ತೊಂದು ಮಾತು, ಅಂಚೆಯವನು ಬಾಗಿಲಲ್ಲೇ ಕಾಯುತ್ತಿದ್ದಾನೆ: ತಕರಾರಿಗೆ ಒಂದು ತಿಂಗಳ ಗಡುವಿದೆ. ಶುಕ್ರವಾರ ಬಾಲಿಂತನ ಅಳಿಯ ನಿನ್ನಲ್ಲಿಗೆ ಬರುತ್ತಾನೆ. ಏಟು ಬಿದ್ದದ್ದು ಬಂಡೆಯ ಪಕ್ಕ ಎಂದು ಮೊದಲೇ ಬರೆದಿಟ್ಟ ಹೇಳಿಕೆ ತರುತ್ತಾನೆ, ಜೊತೆಗೆ ಹೊಗೆಯಲ್ಲಿ ಒಣಗಿಸಿದ ಇಡೀ ಹಂದಿತೊಡೆ. ಸಹಿ ಹಾಕುವ ಮೊದಲು ನನಗೊಬ್ಬಳಿಗೇ ಬರೆ, ನಿನ್ನನ್ನು ಮಲಗಿಸಿದ್ದು ಎಲ್ಲಿ? ನನ್ನದು ತಪ್ಪಾಗಿದ್ದರೆ ನಾನೇ ಮಂಡಳಿಯ ಮುಂದೆ ಹೋಗಿ ತಪ್ಪಾಯಿತು ಎನ್ನುತ್ತೇನೆ. ಸರಿಯಾಗಿದ್ದರೆ, ಮಾಂಸ ಇಟ್ಟುಕೊಂಡು ಹೇಳಿಕೆ ವಾಪಸ್ ಕಳಿಸು.