ಒಳಗಿನಿಂದ ಎರಡು ಬಡಿತ

ಮಾರ್ಚ್ ೧೧, ಮಂಗಳವಾರ.

ಹತ್ತು ಬೋಲ್ಟ್‌ಗಳಲ್ಲಿ ಇವತ್ತು ಮುಗಿದದ್ದು ಮೂರು. ಹೋದ ವರ್ಷ ಊಟದ ಹೊತ್ತಿಗೆ ಹತ್ತೂ ಮುಗಿದಿದ್ದವು.

ಹಾಯಿದೋಣಿ ನೀರಿಗಿಳಿಯುವ ಮುಂಚೆ ಪ್ರತಿ ವರ್ಷ ಡೆಕ್ಕಿನ ಬೋಲ್ಟ್ ಬಿಚ್ಚಿ, ಹೊಸ ಅಂಟು ತುಂಬಿ ಬಿಗಿಯಬೇಕು. ಇಲ್ಲದಿದ್ದರೆ ಒಳಗಿನ ಹಾಸಿಗೆಯ ಮೇಲೆ ನೀರು ಸೋರುತ್ತದೆ. ಮೇಲೆ ನಾನು ತಿರುಗಿಸುತ್ತಿದ್ದೆ, ಕೆಳಗೆ ಕ್ಯಾಬಿನ್‌ನಲ್ಲಿ ನನ್ನಾಕೆ ನಟ್ಟು ಹಿಡಿಯುತ್ತಿದ್ದಳು. ನಾನು ಒಮ್ಮೆ ತಟ್ಟಿದರೆ ‘ಹಿಡಿ’ ಎಂದರ್ಥ. ಅವಳು ಎರಡು ಸಲ ತಟ್ಟಿದರೆ ‘ಹಿಡಿದಿದ್ದೇನೆ, ಮಾತು ಸಾಕು’ ಎಂದರ್ಥ.

ಅವಳು ತೀರಿಕೊಂಡು ಐದು ತಿಂಗಳು. ಒಬ್ಬನೇ ಮಾಡುತ್ತೇನೆಂದು ಮಗಳ ಹತ್ತಿರ ಜಂಭ ಕೊಚ್ಚಿದ್ದೆ. ಬೆಳಿಗ್ಗೆ ಅಭ್ಯಾಸಬಲದಿಂದ ಒಮ್ಮೆ ತಟ್ಟಿ, ಸ್ಕ್ರೂಡ್ರೈವರ್ ಹಿಡಿದು ಏನೋ ಮಾತಾಡುತ್ತ, ಕಾಯುತ್ತ ಕೂತೆ. ಪಕ್ಕದ ದೋಣಿಯ ಬಡಗಿ ನೋಡುತ್ತಿದ್ದ.

“ಯಜಮಾನ್ರೇ, ಒಳಗೆ ಯಾರಿದಾರೆ?”

“ಯಾರೂ ಇಲ್ಲಪ್ಪ.”

“ಸರಿ, ನಾನೇ ಇಳೀತೀನಿ. ಮಾತಾಡೋಕೆ ನಿಮಗೆ ಜೊತೆ ಬೇಡ, ಈ ಕೆಲಸಕ್ಕೆ ಬೇಕು.”

ನಕ್ಕೆ. ಒಳ್ಳೆಯ ಕೈ ಅವನದು. “ಹಿಡ್ದಿದೀನಿ, ತಿರುಗ್ಸಿ!” ಎಂದು ಪ್ರತಿ ಸಲ ದೋಣಿ ಅದುರುವಂತೆ ಕೂಗುತ್ತಾನೆ. ಅವನು ತನ್ನ ಕೆಲಸಕ್ಕೆ ಹೋಗುವಷ್ಟರಲ್ಲಿ ಮೂರು ಬೋಲ್ಟೂ ಗಟ್ಟಿಯಾಗಿ ಕೂತವು.

ಇನ್ನೂ ಏಳಿವೆ. ನಾಳೆ ಅವನಿಗೆ ಎರಡು ಸಲ ತಟ್ಟುವುದನ್ನು ಹೇಳಿಕೊಡೋಣ ಎಂದುಕೊಂಡೆ. ಆದರೆ ಅವನು ಸರಿಯಾಗಿ, ಅವಳ ಹಾಗೆಯೇ ತಟ್ಟಿಬಿಟ್ಟರೆ? ಬೇಡ, ಅವನು ಕೂಗಲಿ.