ಚೆಲ್ಲದ ಕಾಫಿ

೧೮ ನವೆಂಬರ್, ಮಂಗಳವಾರ. ಬರ್ಲಿನ್.

ಪತ್ರಕರ್ತೆ ಹೈಕೆಯ ವರದಿ ಸಂಜೆ ಬಂತು. ಟೆಂಡರ್ ಕರೆಯುವ ಮೊದಲೇ ಮಂತ್ರಿಯೊಬ್ಬರು ನಮ್ಮ ಕಂಪನಿಗೆ ಕೆಲಸ ಒಪ್ಪಿಸಿಬಿಟ್ಟಿದ್ದರೆಂದು ಅವಳಿಗೆ ಹೇಳಿದವಳು ನಾನು. ಮಾತು ಕೊಟ್ಟಂತೆ ಹೆಸರು ಹಾಕಿಲ್ಲ, ದೇಶ ಹಾಕಿಲ್ಲ, ಹೆಂಗಸೆಂದೂ ಬರೆದಿಲ್ಲ. ಆದರೆ ಮೊದಲ ಸಾಲೇ ಹೀಗಿದೆ: 'ಮಾಹಿತಿ ಕೊಟ್ಟವರ ಕೈ ನಡುಗುತ್ತಿತ್ತು. ಆದರೂ ಸ್ಟೀಲ್ ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದ ಕಾಫಿ ಒಂದು ಹನಿಯೂ ಚೆಲ್ಲಲಿಲ್ಲ.'

ಮನೆಗೆ ಬಂದವಳಿಗೆ ಕಾಫಿ ಕೊಡದೆ ಹೇಗೆ ಕಳಿಸುವುದು? ದೀಪಾವಳಿಗೆ ಆಫೀಸಿನಲ್ಲಿ ಎಲ್ಲರಿಗೂ ಹೀಗೇ ಹೊಯ್ದು ಕೊಟ್ಟಿದ್ದೆ. ಬಾಸ್ ಮಥಿಯಾಸ್ ವಿಡಿಯೊ ಕೂಡ ಮಾಡಿಕೊಂಡಿದ್ದ.

ಆ ಸಾಲು ತೆಗೆದುಬಿಡು ಎಂದು ಹೈಕೆಯನ್ನು ಬೇಡಿಕೊಂಡೆ. "ಇಡೀ ವರದಿಯಲ್ಲಿ ಅದೇ ಬೆಸ್ಟ್ ಸಾಲು, ಇಳಾ" ಅಂದಳು.

ಲೋಟಗಳನ್ನು ಕಪಾಟಿನ ಹಿಂದೆ ಬಚ್ಚಿಟ್ಟೆ. ಯಾರಿಂದ ಬಚ್ಚಿಡುತ್ತಿದ್ದೇನೋ.

ಅನುರಾಗ್ ಊಟದ ತಟ್ಟೆ ಹಿಡಿದು ಆ ಬ್ರಿಟಿಷ್ ಸೀರಿಯಲ್ ಮುಂದೆ ಕೂತಿದ್ದ. ಪತ್ರಕರ್ತರು ಸೇರಿ ಮಂತ್ರಿಯನ್ನು ಬೀಳಿಸುವ ಕಥೆ. ಹೈಕೆಗೆ ಫೋನ್ ಮಾಡುವ ಧೈರ್ಯ ನನಗೆ ಬಂದದ್ದೇ ಅದನ್ನು ನೋಡಿ. ಇವತ್ತು ಕೊನೆಯ ಕಂತು. ಮಂತ್ರಿ ಬಿದ್ದ, ನ್ಯೂಸ್‌ರೂಮಿನಲ್ಲಿ ಚಪ್ಪಾಳೆ.

"ಅವರಿಗೆ ಫೈಲ್ ತಂದುಕೊಟ್ಟ ಹುಡುಗಿ ಏನಾದ್ಲು?" ಅಂದೆ.

"ಯಾವ ಹುಡುಗಿ?" ಅಂದ ನನ್ನ ಗಂಡ.

ಅವನಿಗೆ ಏನೂ ಹೇಳಿಲ್ಲ. ಇಲ್ಲಿ ಇಬ್ಬರ ವೀಸಾವೂ ನನ್ನ ಕೆಲಸದ ಮೇಲೇ ನಿಂತಿದೆ. ಎಲ್ಲಿಂದ ಶುರು ಮಾಡಲಿ?

ಈಗಷ್ಟೇ ಮಥಿಯಾಸ್‌ನ ಮೆಸೇಜ್ ಬಂತು: 'ಬೆಳಿಗ್ಗೆ ಬಂದ ತಕ್ಷಣ ನನ್ನ ರೂಮಿಗೆ ಬಾ. ಈ ಸಲ ಕಾಫಿ ನಾನು ಕೊಡುತ್ತೇನೆ.'