ಹುಣಸೂರು ಸ್ಟೇಷನ್ನಿನ ಬೋರ್ಡು

ಅಶೋಕಪುರಂ, ಮೈಸೂರು
೨೧ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಮಗಳೇ ಧರಣಿ,

ಹೇಗಿದ್ದೀಯವ್ವ? ಹುಬ್ಬಿನ ಮೇಲಿನ ಹೊಲಿಗೆಯ ಗುರುತು ಸ್ವಲ್ಪವಾದರೂ ಮಾಸಿತೋ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ ಇಲ್ಲ ಕಾಫಿ ಕುಡಿದೇ ದಿನ ತಳ್ಳುತ್ತಿದ್ದೀಯೋ? ಚಳಿ ಶುರುವಾಗಿದೆ. ಚಳಿ ಬಂತೆಂದರೆ ನಿನಗೆ ಕಿವಿ ನೋವು, ಹತ್ತಿ ಇಟ್ಟುಕೋ. ನೀನಿರುವ ಊರಲ್ಲಿ ಚಳಿ ಹೆಚ್ಚೋ ಕಡಿಮೆಯೋ ನನಗೆ ಗೊತ್ತಿಲ್ಲ, ಆದರೂ ಇಟ್ಟುಕೋ. ಈ ಕಾಗದವನ್ನು ನಿನ್ನ ಚಿಕ್ಕಮ್ಮ ಚಿಕ್ಕಮಾದಮ್ಮನ ಕೈಗೆ ಕೊಡುತ್ತಿದ್ದೇನೆ. ನೀನೆಲ್ಲಿದ್ದೀಯ ಅಂತ ಗೊತ್ತಿರುವುದು ಅವಳೊಬ್ಬಳಿಗೇ. ನಿಮ್ಮಮ್ಮ ಕೆಂಚಮ್ಮನಿಗೂ ಹೇಳಿಲ್ಲ ಅಂತ ನಿಮ್ಮಮ್ಮನಿಗೆ ತಂಗಿಯ ಮೇಲೆ ಇನ್ನೂ ಕೋಪ.

ಇಲ್ಲಿ ನಾವೆಲ್ಲ ಕ್ಷೇಮ ಅಂತ ಬರೆಯುವುದು ವಾಡಿಕೆ. ಹಾಗೆ ಬರೆದರೆ ಸುಳ್ಳಾಗುತ್ತದೆ. ನನ್ನ ಎಡಗೈಯ ಮೂರು ಬೆರಳು ಮುರಿದಿವೆ, ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆ, ಕಟ್ಟಿಸಿದ ಹಲ್ಲಿನ ಸೆಟ್ಟು ಪೊಲೀಸ್ ಸ್ಟೇಷನ್ನಿನಲ್ಲಿ ಸಾಕ್ಷಿಯ ಚೀಲ ಸೇರಿದೆ. ಗಾಬರಿಯಾಗಬೇಡ. ಬಲಗೈ ನೆಟ್ಟಗಿದೆ, ನೋಡು, ಅಕ್ಷರ ಎಷ್ಟು ದುಂಡಗಿದೆ. ಗಂಜಿ ಕುಡಿದು ಕುಡಿದು ಬಾಯಿ ಕೆಟ್ಟಿದೆ ಅನ್ನುವುದೊಂದೇ ದೊಡ್ಡ ತೊಂದರೆ. ಉಳಿದದ್ದನ್ನು ಬೇರೆಯವರ ಬಾಯಿಂದ ಬಣ್ಣ ಕಟ್ಟಿಸಿಕೊಂಡು ಕೇಳುವ ಬದಲು ನನ್ನಿಂದಲೇ ಕೇಳು.

ನಮ್ಮ ಹಿತ್ತಲ ರೈಲು ಈಗಿಲ್ಲ. ವರ್ಕ್‌ಶಾಪಿನಲ್ಲಿ ಮೂವತ್ನಾಲ್ಕು ವರ್ಷ ಬೋಗಿ ರಿಪೇರಿ ಮಾಡಿ ರಿಟೈರಾದವನು ಮನೆಯಲ್ಲಿ ಕೂತು ನಿಮ್ಮಮ್ಮನ ತಲೆ ತಿನ್ನಬಾರದು ಅಂತ ಹಾಕಿದ ಹಳಿ ಅದು. ಎಂಟು ವರ್ಷದ ಕೆಲಸ. ಬಾವಿಕಟ್ಟೆ ಬಳಸಿ, ಸೀಬೆಮರದ ಬುಡದಲ್ಲಿ ಸುರಂಗ ಹೊಕ್ಕು, ಬಚ್ಚಲ ನೀರಿನ ಕಾಲುವೆಗೆ ಸೇತುವೆ ದಾಟಿ ಬರುವ ನ್ಯಾರೋ ಗೇಜ್ ಲೈನು. ಎರಡು ಹಳಿಗಳ ನಡುವೆ ಮೂರು ಬೆರಳಿನ ಜಾಗ. ಅಳತೆಪಟ್ಟಿ ಹಿಡಿದವನೇ ಅಲ್ಲ ನಾನು. ಎಡಗೈಯ ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಜೋಡಿಸಿ ಹಳಿಗಳ ನಡುವೆ ಇಡುತ್ತಿದ್ದೆ, ಬಿಗಿಯಾಗಿ ಕೂತರೆ ಗೇಜು ಸರಿ. ಮಂಡಿ ಮೊಹಲ್ಲಾದ ಹಿತ್ತಾಳೆ ಕೆಲಸದವರು ಇಂಜಿನ್ನಿನ ಮೈ ಬಡಿದುಕೊಟ್ಟಾಗ ನೀನು ಅದಕ್ಕೆ ಕುಂಕುಮ ಇಟ್ಟಿದ್ದೆ. ನಿಮ್ಮಮ್ಮ ಒಗೆಯುವ ಕಲ್ಲು ಕಿತ್ತದ್ದಕ್ಕೆ ಮೂರು ದಿನ ನನ್ನೊಡನೆ ಮಾತು ಬಿಟ್ಟಿದ್ದಳು.

ನನ್ನ ಚಾಳಿ ನಿನಗೆ ಗೊತ್ತಲ್ಲ, ಮನೆಯವರು ಯಾವ ಊರಿಗೆ ಹೋಗಿ ನೆಲೆಸಿದರೂ ಹಿತ್ತಲಲ್ಲಿ ಆ ಊರಿಗೊಂದು ಸ್ಟೇಷನ್ ಎದ್ದು ನಿಲ್ಲಬೇಕು. ಹಳದಿ ಬೋರ್ಡು, ಕರಿ ಅಕ್ಷರ, ಮೂರು ಭಾಷೆ. ನಿನ್ನನ್ನು ಆ ವಿಜಯ್‌ಕುಮಾರನಿಗೆ ಕೊಟ್ಟ ವರ್ಷ ನಂಜನಗೂಡು ಸ್ಟೇಷನ್ ಕಟ್ಟಿ, ಹೊಸ ಅಳಿಯನನ್ನು ಕರೆದು, ಕೈ ಹಿಡಿದು ತೋರಿಸಿದವನು ನಾನೇ. ಅವನು ನಕ್ಕು, ಮಾವ, ಮಗಳು ಎಲ್ಲಿಗೆ ಹೋದ್ರೂ ರೈಲು ಬುಡ್ತೀರಾ ಅಂದಿದ್ದ. ಬುದ್ಧನ ಪಟದ ಮುಂದೆ ನಿಂತು ನಿನ್ನ ಕೈ ಹಿಡಿದವನು ನಾಲ್ಕನೇ ತಿಂಗಳಿಗೇ ಅದೇ ಕೈ ತಿರುಚಿದ. ನೀನು ಹೊಡೆತ ತಾಳಲಾರದೆ ಜೂನಿನಲ್ಲಿ ಹುಣಸೂರಿನ ಗೆಳತಿ ಸುಮಾಳ ಮನೆ ಸೇರಿದೆ. ಆಗ ಸುಮ್ಮನಿದ್ದೆನೇ ನಾನು? ಹುಣಸೂರಿಗೆ ನಿಜವಾದ ರೈಲೇ ಇಲ್ಲ, ನಮ್ಮ ಹಿತ್ತಲಲ್ಲಾದರೂ ಹೋಗಲಿ ಅಂತ ಸೀಬೆಮರದ ಆಚೆ ಸ್ಟೇಷನ್ ಕಟ್ಟಿದೆ. ಮುದುಕನ ಹುಚ್ಚು ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಫೋಟೋ ತೆಗೆದೆ. ಫೋನನ್ನು ತಲೆಕೆಳಗು ಮಾಡಿ ಇಟ್ಟಿಗೆಗೆ ಒರಗಿಸಿದರೆ ಕ್ಯಾಮೆರಾ ಹಳಿಯ ಮಟ್ಟಕ್ಕೆ ಬರುತ್ತದೆ, ಹುಲ್ಲು ಕಾಡಿನಂತೆ ಕಾಣುತ್ತದೆ, ರೈಲು ನಿಜವೇ ಅನ್ನಿಸುತ್ತದೆ. ಬೆಳಗಿನ ಎಳೆ ಬಿಸಿಲಲ್ಲಿ ಹುಣಸೂರು ಬೋರ್ಡಿನ ಪಕ್ಕ ಇಂಜಿನ್ ನಿಂತಿರುವ ಆ ಫೋಟೋವನ್ನು ರೈಲು ಹವ್ಯಾಸದವರ ಗುಂಪಿಗೆ ಹಾಕಿದೆ, ಇನ್ನೂರು ಜನ ಮೆಚ್ಚಿದರು, ಯಾರೋ ಫೇಸ್‌ಬುಕ್ಕಿಗೂ ಏರಿಸಿದರು. ಆ ಬೋರ್ಡಿನ ಅರ್ಥ ಬಲ್ಲ ಹೊರಗಿನವನು ಒಬ್ಬನೇ ಇದ್ದ. ಅವನು ಮಾರನೇ ವಾರವೇ ಹುಣಸೂರಿಗೆ ಬಂದು, ನೀನು ಕೆಲಸಕ್ಕಿದ್ದ ಹೊಲಿಗೆ ಅಂಗಡಿಯಿಂದ ನಿನ್ನ ಜಡೆ ಹಿಡಿದು ಬೀದಿಗೆಳೆದು, ಮುಖವನ್ನು ಶಟರಿಗೆ ಬಡಿದ. ಆ ಅಂಗಡಿಯ ಹೆಣ್ಣುಮಕ್ಕಳು ಕತ್ತರಿ ಹಿಡಿದು ಮೇಲೆ ಬೀಳದಿದ್ದರೆ ನೀನು ಉಳಿಯುತ್ತಿರಲಿಲ್ಲ. ಕೇಸಾಯಿತು, ಜಾಮೀನಾಯಿತು, ಅವನು ಹೊರಗೆ ಬಂದ. ನೀನು ಬೇರೆ ಕಡೆ ಹೋದೆ. ಅಪ್ಪನಿಗೆ ಮಾತ್ರ ಹೇಳಬೇಡ ಚಿಕ್ಕಮ್ಮ ಅಂದೆಯಂತೆ. ಆ ಮಾತು ಕೇಳಿ ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ನಿನ್ನ ಮೇಲೆ ಸಿಟ್ಟೂ ಬಂತು ಅಂತ ಬರೆಯಲು ಈಗ ನಾಚಿಕೆಯಾಗುತ್ತದೆ.

ಹತ್ತನೇ ತಾರೀಖು ಭಾನುವಾರ, ಬೆಳಿಗ್ಗೆ ಏಳೂವರೆ ಇರಬೇಕು. ಸೇತುವೆಯ ಮೇಲೆ ಗಾಡಿ ಬರುವುದನ್ನು ವಿಡಿಯೋ ಮಾಡೋಣ ಅಂತ ಫೋನನ್ನು ಇಟ್ಟಿಗೆಗೆ ಒರಗಿಸಿ ನೆಲಕ್ಕೆ ಬೋರಲು ಮಲಗಿದ್ದೆ. ಇಂಜಿನ್ ತಿರುವು ದಾಟಿ ಬಂತು. ಅದರ ಮೇಲೆ ಒಂದು ಬೂಟುಕಾಲು ಬಂತು. ತಲೆ ಎತ್ತುವಷ್ಟರಲ್ಲಿ ಪಕ್ಕೆಗೆ ಒದ್ದ, ಉಸಿರು ಅಲ್ಲೇ ಕಟ್ಟಿತು. ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡು ನಂಜನಗೂಡಿನಿಂದ ಶುರು ಮಾಡಿದ. ಒಂದೊಂದೇ ಸ್ಟೇಷನ್. ಸಿಮೆಂಟು, ಹಳಿ, ಪುಟ್ಟ ಸಿಗ್ನಲ್ ಕಂಬ, ನೀನು ಬಣ್ಣ ಹಚ್ಚಿದ ಟಿಕೆಟ್ ಮನೆ, ಎಲ್ಲ ಪುಡಿ ಪುಡಿ. ಒಂದೊಂದು ಏಟಿಗೂ ಒಂದೇ ಮಾತು. ಎಲ್ಲವ್ಳೆ? ಈ ಸಲ ಯಾವೂರ ಬೋರ್ಡು ಬರ್ದಿದ್ದೀಯ, ತೋರ್ಸು. ಹೊಸ ಬೋರ್ಡು ಎಲ್ಲೂ ಸಿಗಲಿಲ್ಲ. ಸಿಗುವುದಾದರೂ ಹೇಗೆ, ನನಗೇ ಗೊತ್ತಿರಲಿಲ್ಲವಲ್ಲ. ಆಗ ನನ್ನ ಕಡೆ ತಿರುಗಿದ. ಮಣಿಕಟ್ಟಿನ ಮೇಲೆ ಬೂಟು ಊರಿ, ಹಳಿಯ ಮೇಲೆ ನನ್ನ ಬೆರಳು ಬಿಡಿಸಿಟ್ಟು, ಮೊಳೆ ಹೊಡೆಯುವ ನನ್ನದೇ ಸುತ್ತಿಗೆಯಿಂದ ಕಿರುಬೆರಳಿಗೆ ಬಾರಿಸಿದ. ಹೇಳ್ಬುಡು ಮಾವ ಅಂದ. ಇಷ್ಟಾದರೂ ಮಾವ ಅನ್ನುವುದನ್ನು ಬಿಟ್ಟಿರಲಿಲ್ಲ ನೋಡು, ಬೇವರ್ಸಿ. ಆಮೇಲೆ ಉಂಗುರದ ಬೆರಳು. ಆಮೇಲೆ ನಡುಬೆರಳು. ಮೂಳೆ ಮುರಿಯುವ ಸದ್ದು ಕಡ್ಡಿ ಮುರಿದಷ್ಟೇ ಸಣ್ಣದು ಕಣವ್ವ, ನನಗೆ ಗೊತ್ತಿರಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಸುಮ್ಮನೆ ಬಿದ್ದಿದ್ದೆ ಅಂದುಕೊಳ್ಳಬೇಡ. ಅವನು ಮತ್ತೆ ಸುತ್ತಿಗೆ ಎತ್ತಿದಾಗ ಬಾಯಿಗೆ ಸಿಕ್ಕಿದ ಅವನ ಮೀನಖಂಡ ಕಚ್ಚಿದೆ. ಬಿಡಲೇ ಇಲ್ಲ. ಪ್ಯಾಂಟು ಹರಿದು ಚರ್ಮ ಸಿಕ್ಕಿತು, ಚರ್ಮ ಹರಿದು ಮಾಂಸ ಸಿಕ್ಕಿತು, ಬಾಯಿ ತುಂಬ ಬಿಸಿ ರಕ್ತ. ಅವನು ಕಾಲು ಕೊಡವಿದಾಗ ಹಲ್ಲಿನ ಸೆಟ್ಟು ಅವನ ಕಾಲಲ್ಲೇ ಉಳಿಯಿತು. ಅರವತ್ತೆಂಟು ವರ್ಷದಲ್ಲಿ ಒಬ್ಬರ ಮೇಲೂ ಕೈ ಮಾಡದವನು ನಾನು. ಅವತ್ತು ಅವನು ಸತ್ತಿದ್ದರೆ ಖುಷಿಪಡುತ್ತಿದ್ದೆ, ಈಗಲೂ ಅದರಲ್ಲಿ ಸಂಶಯವಿಲ್ಲ. ಅಷ್ಟರಲ್ಲಿ ನಿಮ್ಮಮ್ಮ ಬಚ್ಚಲಿನಿಂದ ಹಂಡೆಯ ಕುದಿನೀರು ಬಕೆಟ್ಟಿನಲ್ಲಿ ತಂದು ಅವನ ಕತ್ತಿನಿಂದ ಬೆನ್ನಿಗೆ ಸುರಿದಳು. ಅವನು ಕಿರುಚಿದ್ದಕ್ಕೆ ಪಕ್ಕದ ಮನೆ ಬಸವರಾಜು ಎದ್ದು ಕಾಂಪೌಂಡ್ ಹಾರಿ ಬಂದ. ನಾನು ಅಷ್ಟು ಹೊತ್ತು ನರಳಿದ್ದು ಅವನಿಗೆ ಕೇಳಿಸಿರಲಿಲ್ಲವಂತೆ, ಹೋಗಲಿ. ಇಬ್ಬರೂ ಸೇರಿ ಬಟ್ಟೆ ಒಣಹಾಕುವ ಹಗ್ಗದಲ್ಲಿ ಅವನನ್ನು ಸೀಬೆಮರಕ್ಕೆ ಕಟ್ಟಿದರು. ಪೊಲೀಸರು ಬರುವವರೆಗೂ ನಿಮ್ಮಮ್ಮ ಅವನ ಮುಂದೆ ಖಾಲಿ ಬಕೆಟ್ ಹಿಡಿದು ನಿಂತಿದ್ದಳು. ಇನ್ನೊಂದು ಹಂಡೆ ಕಾಯ್ತಾ ಅದೆ ಕಣೋ, ಅಲ್ಲಾಡ್ಬುಟ್ಟೀಯ ಅನ್ನುತ್ತಿದ್ದಳು.

ಈಗ ಅವನು ಜೈಲಿನಲ್ಲಿದ್ದಾನೆ. ಬೆನ್ನು ಸುಲಿದಿದೆಯಂತೆ, ಸುಲಿಯಲಿ. ಹಳೇ ಜಾಮೀನು ರದ್ದಾಗುತ್ತದೆ, ಈ ಸಲ ಸುಲಭಕ್ಕೆ ಹೊರಗೆ ಬರಲಾರ ಅಂತ ನಮ್ಮ ವಕೀಲೆ ಸುಷ್ಮಾ ಮೇಡಂ ಹೇಳಿದರು. ಯಾಕೆ ಗೊತ್ತಾ? ಇಟ್ಟಿಗೆಗೆ ಒರಗಿಸಿದ್ದ ಫೋನು ಓಡುತ್ತಲೇ ಇತ್ತು. ಹನ್ನೊಂದು ನಿಮಿಷ. ಹಳಿಯ ಮಟ್ಟದಿಂದ ಅವನ ಬೂಟು, ಹಾರೆ, ಮುಖ, ಮಾತು ಎಲ್ಲ ಸ್ಪಷ್ಟವಾಗಿ ಬಿದ್ದಿದೆ. ನಾನು ತೆಗೆದ ಚಿತ್ರಗಳಲ್ಲೇ ಒಳ್ಳೆಯ ಚಿತ್ರ ಅದು, ಕಲಾವಿದ ನೆಲಕ್ಕೆ ಬಿದ್ದು ಒದೆ ತಿನ್ನುತ್ತಿದ್ದ ಅಷ್ಟೇ. ನಿಮ್ಮಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ, ಮೂರು ಬೆರಳು ಮುರಿದರೂ ನಮ್ಮ ಯಜಮಾನರು ಮಗಳ ಊರು ಹೇಳಲಿಲ್ಲ ಅಂತ. ಮದುವೆಯಾದ ಮೇಲೆ ಅವಳು ನನ್ನನ್ನು ಹೊಗಳಿದ್ದು ಇದೇ ಮೊದಲು. ಬಸವರಾಜು ಹಣ್ಣು ತಂದುಕೊಟ್ಟು ಕೈಮುಗಿದು ಹೋದ.

ಮುಂದಿನ ವಾರ ನೀನು ವಕೀಲರ ಆಫೀಸಿಗೆ ಬಂದು ಆ ವಿಡಿಯೋ ನೋಡಿ, ಅವನ ದನಿ ಗುರುತಿಸಿ ಹೇಳಿಕೆ ಕೊಡಬೇಕಂತೆ. ಚಿಕ್ಕಮ್ಮ ಜೊತೆಗಿರುತ್ತಾಳೆ. ಹೆದರಬೇಡ, ತಲೆ ತಗ್ಗಿಸಬೇಡ, ಕಿವಿಗೆ ಹತ್ತಿ ಮರೆಯಬೇಡ. ನಿಮ್ಮಮ್ಮ ಚಟ್ನಿಪುಡಿ ಡಬ್ಬಿ ಕಳಿಸಿದ್ದಾಳೆ, ಖಾರ ಜಾಸ್ತಿಯಾಗಿದೆ, ಹಾಗಂತ ಅವಳಿಗೆ ಹೇಳಬೇಡ. ನೂರು ವರ್ಷ ನೆಮ್ಮದಿಯಾಗಿ ಬಾಳವ್ವ.

ನಿನ್ನ ಅಪ್ಪ,
ಸಣ್ಣಮಾದಯ್ಯ

ತಾ.ಕ.: ಚಿಕ್ಕಮ್ಮ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಬಾಯಿ ಬಿಡಲಿಲ್ಲ ಅಂತ ಮೇಲೆ ಬರೆದದ್ದು ಸುಳ್ಳು. ವಿಡಿಯೋದಲ್ಲಿ ಏಳನೇ ನಿಮಿಷ, ಎರಡನೇ ಬೆರಳು ಮುರಿದ ಮೇಲೆ, ಹೇಳ್ತೀನಿ, ಹೇಳ್ತೀನಿ, ಹೊಡೀಬೇಡ ಅನ್ನುವ ದನಿ ನನ್ನದೇ. ಹೊತ್ತು ಕಳೆಯಲು ಜಾಣತನ ಮಾಡಿದಿರಿ ಅಂತ ಪೊಲೀಸರು ಮೆಚ್ಚಿದರು, ನಾನು ತಲೆಯಾಡಿಸಿದೆ. ಜಾಣತನ ಅಲ್ಲ ಮಗಳೇ. ನಿಜವಾಗಿಯೂ ಹೇಳಲು ಬಾಯಿ ತೆರೆದಿದ್ದೆ, ಹೇಳಲು ಊರಿನ ಹೆಸರು ಇರಲಿಲ್ಲ. ಅದಕ್ಕೇ ಮೂರನೆಯದೂ ಮುರಿಯಿತು. ಗೊತ್ತಿದ್ದರೆ ನಿನ್ನನ್ನು ಅವನ ಕೈಗೆ ಕೊಟ್ಟುಬಿಡುತ್ತಿದ್ದೆ. ವಕೀಲರ ಆಫೀಸಿನಲ್ಲಿ ಕೇಳಿಸಿಕೊಳ್ಳುವ ಮೊದಲು ನನ್ನ ಕೈಬರಹದಲ್ಲೇ ನಿನಗೆ ತಿಳಿಯಲಿ ಅಂತ ಇಷ್ಟುದ್ದ ಬರೆದೆ. ನನಗೆ ಹೇಳಬೇಡ ಅಂದೆಯಲ್ಲ, ಸರಿಯಾಗಿ ಅಂದೆ. ಸೀಬೆಮರದ ಆಚೆ ಹೊಸ ಬೋರ್ಡು ನೆಡಿಸಿದ್ದೇನೆ, ಬರೀ ಹಳದಿ ಬಣ್ಣ, ಹೆಸರು ಬರೆದಿಲ್ಲ. ಇನ್ನು ಮೇಲೆ ನೀನು ಎಲ್ಲಿದ್ದೀಯ ಅಂತ ನಾನು ಕೇಳಿದರೂ ಹೇಳಬೇಡ. ಸಾಯುವಾಗ ಅತ್ತು ಕೇಳಿದರೂ ಹೇಳಬೇಡ.